ಕೆಟ್ಟುಹೋದ ರೈಡ್‌ನಿಂದ ಡಿಸ್ಕ್ ಬಿಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನ್ನ ಡೆಬಿಯನ್ ಲಿನಕ್ಸ್ ಕಂಪ್ಯೂಟರಿನಲ್ಲಿ ನಾಲ್ಕು ಡಿಸ್ಕ್‌ಗಳ ರೈಡ್ 5 (ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕ್‌ನಂತೆ ಬಳಸುವ ಜೋಡಣೆ, RAID) ಇತ್ತು. ಕರೆಂಟ್ ಹೋಗಿ ಬಂದ ಮೇಲೆ ಅದು ಶುರುವಾಗಲೇ ಇಲ್ಲ. ಈಗ ಎಂಡಿ127 ಎಂಬ ಹೆಸರಲ್ಲಿ ‘ಇನಾಕ್ಟಿವ್’ ಎಂದು ತೋರಿಸುತ್ತಿದೆ. ಡಿಸ್ಕ್‌ಗಳನ್ನು ಫಾರ್ಮ್ಯಾಟ್ ಮಾಡಲು ಹೋದರೆ ‘ಬ್ಯುಸಿ’ ಎನ್ನುತ್ತದೆ. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಸದ್ಯಕ್ಕೆ ಬೇಡ. ಅದರಲ್ಲಿದ್ದ ಫೋಟೊ, ಫೈಲ್‌ಗಳು ಬೇರೆ ಕಡೆಯೂ ಇವೆಯಾ? ಅದನ್ನು ನೀವು ಬರೆದಿಲ್ಲ. ಇಲ್ಲದಿದ್ದರೆ, ಅವನ್ನು ಉಳಿಸಿಕೊಳ್ಳುವ ದಾರಿ ಇನ್ನೂ ಇರಬಹುದು.

ಪ್ರತಿ ಡಿಸ್ಕ್‌ನಲ್ಲೂ ಸೂಪರ್‌ಬ್ಲಾಕ್ ಎಂಬ ಸಣ್ಣ ಗುರುತು ಇರುತ್ತದೆ. ಬೂಟ್ ಆಗುವಾಗ ಲಿನಕ್ಸ್ ಅದನ್ನು ನೋಡಿ ಡಿಸ್ಕ್‌ಗಳನ್ನು ಒಟ್ಟು ಸೇರಿಸುತ್ತದೆ. ರೈಡ್ 5ರಲ್ಲಿ ಒಂದು ಡಿಸ್ಕ್ ಇಲ್ಲದಿದ್ದರೂ ನಡೆಯುತ್ತದೆ, ಎರಡು ಇಲ್ಲದಿದ್ದರೆ ನಡೆಯುವುದಿಲ್ಲ. ಆದರೆ ಅಷ್ಟರಲ್ಲಿ ಸೇರಿಸಿಕೊಂಡ ಡಿಸ್ಕ್‌ಗಳನ್ನು ಲಿನಕ್ಸ್ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ನಿಮಗೆ ಕಾಣುತ್ತಿರುವ ‘ಬ್ಯುಸಿ’ ಇದೇ.

ಬಿಡಿಸುವುದು ಸುಲಭ. ರೂಟ್ (ಅಡ್ಮಿನ್ ಬಳಕೆದಾರ) ಆಗಿ, ರೈಡ್ ನೋಡಿಕೊಳ್ಳುವ ಎಂಡಿಆಡ್ಮ್ (mdadm) ಕಮಾಂಡನ್ನು ‘ಸ್ಟಾಪ್’ ಆಯ್ಕೆಯ ಜೊತೆ ಎಂಡಿ127ರ ಮೇಲೆ ಓಡಿಸಿ. ಇದರಿಂದ ಡೇಟಾ ಅಳಿಸುವುದಿಲ್ಲ, ಹೆದರಬೇಡಿ. ಆಗಲೂ ಬಿಡದಿದ್ದರೆ ಅದರ ಮೇಲೆ ಎಲ್‌ವಿಎಂ (ಡಿಸ್ಕ್ ಜಾಗ ಹಂಚುವ ವ್ಯವಸ್ಥೆ), ಸ್ವಾಪ್ (ಮೆಮೊರಿಗೆ ನೆರವಾಗುವ ಡಿಸ್ಕ್ ಜಾಗ) ಅಥವಾ ಮೌಂಟ್ ಆದ (ಬಳಕೆಗೆ ತೆರೆದಿರುವ) ಫೈಲ್‌ಸಿಸ್ಟಮ್ ಕೂತಿದೆಯೇ ಎಂದು, ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡಿನಲ್ಲಿ ನೋಡಿ, ಮೊದಲು ಅದನ್ನು ನಿಲ್ಲಿಸಿ.

ಈಗ ಮುಖ್ಯ ಕೆಲಸ. ಎಂಡಿಆಡ್ಮ್‌ನ ‘ಎಕ್ಸಾಮಿನ್’ ಆಯ್ಕೆಯಿಂದ ನಾಲ್ಕೂ ಡಿಸ್ಕ್‌ಗಳ ‘ಇವೆಂಟ್ಸ್’ ಸಂಖ್ಯೆ (ರೈಡ್‌ನಲ್ಲಿ ಬದಲಾವಣೆ ಆದಂತೆ ಏರುವ ಎಣಿಕೆ) ಬರೆದುಕೊಳ್ಳಿ. ಯಾವುದಾದರೂ ಡಿಸ್ಕ್ ಕಾಣಿಸದೇ ಇದ್ದರೆ ಕೇಬಲ್ ಒಮ್ಮೆ ಬಿಚ್ಚಿ ಹಾಕಿ ನೋಡಿ. ಮೂರರ ಸಂಖ್ಯೆ ಒಂದೇ ಆಗಿದ್ದರೆ ಅಥವಾ ತುಂಬ ಹತ್ತಿರವಿದ್ದರೆ ಆ ಮೂರನ್ನೇ ‘ಅಸೆಂಬಲ್’ ಮತ್ತು ‘ಫೋರ್ಸ್’ ಕೊಟ್ಟು ಸೇರಿಸಿ. ತುಂಬ ಹಿಂದೆ ಬಿದ್ದಿರುವ ನಾಲ್ಕನೆಯದನ್ನು ಹೊರಗೇ ಇಡಿ. ಅದರಲ್ಲಿರುವುದು ಹಳೆಯ ಡೇಟಾ. ಆಮೇಲೆ ರೀಡ್-ಓನ್ಲಿ ಆಗಿ ಮೌಂಟ್ ಮಾಡಿ, ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ದಯವಿಟ್ಟು ರೈಡ್ ಅನ್ನು ಹೊಸದಾಗಿ ಕಟ್ಟುವ ‘ಕ್ರಿಯೇಟ್’ ಆಯ್ಕೆ ಮಾತ್ರ ಬಳಸಬೇಡಿ. ಡಿಸ್ಕ್‌ಗಳ ಕ್ರಮ ಒಂದು ತಪ್ಪಿದರೂ, ಉಳಿದಿದ್ದ ಡೇಟಾ ಕೂಡ ಹಾಳಾಗಬಹುದು.

ಡೇಟಾ ನಿಜಕ್ಕೂ ಬೇಡವೆಂದಾದರೆ ಮಾತ್ರ, ಸ್ಟಾಪ್ ಮಾಡಿದ ನಂತರ ಪ್ರತಿ ಡಿಸ್ಕ್‌ಗೂ ಸೂಪರ್‌ಬ್ಲಾಕ್ ಅಳಿಸುವ ‘ಝೀರೋ-ಸೂಪರ್‌ಬ್ಲಾಕ್’ ಆಯ್ಕೆ ಕೊಡಿ. ರೈಡ್ ಅನ್ನು ಪಾರ್ಟಿಶನ್ ಮೇಲೆ ಮಾಡಿದ್ದರೆ ಆ ಪಾರ್ಟಿಶನ್‌ಗೇ ಕೊಡಬೇಕು. ಸುಮ್ನೆ ಡಿಸ್ಕ್‌ನ ಮೊದಲ ಭಾಗ ಅಳಿಸಿದರೆ ಸಾಲದು. ಸೂಪರ್‌ಬ್ಲಾಕ್‌ನ 0.90 ಮತ್ತು 1.0 ಮಾದರಿಗಳಲ್ಲಿ ಅದು ಇರುವುದು ಕೊನೆಯಲ್ಲಿ. ಅದು ಉಳಿದರೆ ಮುಂದಿನ ಬೂಟ್‌ನಲ್ಲಿ ಎಂಡಿ127 ಮತ್ತೆ ಬರುತ್ತದೆ. ಕೊನೆಗೆ ಎಂಡಿಆಡ್ಮ್‌ನ ಕಾನ್ಫಿಗ್ ಫೈಲಿನಲ್ಲಿ ಹಳೆಯ ರೈಡ್‌ನ ಸಾಲು ಇದ್ದರೆ ತೆಗೆದು, ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಲಿನಕ್ಸ್ ಬಳಸುವ ಫೈಲ್‌ಗಳ ಗಂಟು) ಅಪ್‌ಡೇಟ್ ಮಾಡಿ ರೀಬೂಟ್ ಮಾಡಿ.