ಪುಣೆ ಸುತ್ತಲಿನ ಕ್ವಾರಿ ಹರಳುಗಳಿಗೆ ಖನಿಜ ಪ್ರದರ್ಶನಗಳಲ್ಲಿ ಅಷ್ಟು ಬೇಡಿಕೆ ಯಾಕೆ?

ಇಲ್ಲಿನ ಕರಿಕಲ್ಲಿನೊಳಗೆ (ಲಾವಾ ಆರಿ ಆದ ಬಸಾಲ್ಟ್ ಕಲ್ಲು) ಪೊಳ್ಳುಗಳಿವೆ, ಅದಕ್ಕೇ. ಹರಳು ತನ್ನ ಪೂರ್ತಿ ಆಕಾರಕ್ಕೆ ಬೆಳೆಯಲು ಜಾಗ ಬೇಕು ಅಲ್ವಾ?

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾ ಪದರ ಪದರವಾಗಿ ಹರಿಯಿತು. ಅದು ಆರುವಾಗ ಅನಿಲದ ಗುಳ್ಳೆಗಳು ಒಳಗೇ ಸಿಕ್ಕಿಕೊಂಡವು. ಆಮೇಲೆ ಬಿಸಿನೀರು ಬಿರುಕುಗಳಲ್ಲಿ ಹರಿದು, ಕಲ್ಲಿನಿಂದಲೇ ಸಿಲಿಕಾ, ಕ್ಯಾಲ್ಸಿಯಂ ಕರಗಿಸಿಕೊಂಡು, ಆ ಪೊಳ್ಳುಗಳಲ್ಲಿ ನಿಧಾನವಾಗಿ ಹರಳುಗಟ್ಟಿಸಿತು. ನಮ್ಮ ಬೆಂಗಳೂರು ಕಡೆಯ ಗ್ರಾನೈಟ್ ನೆಲದಾಳದಲ್ಲಿ ಗಟ್ಟಿಯಾದದ್ದು. ಅದರಲ್ಲಿ ಇಂಥ ಪೊಳ್ಳುಗಳು ಕಾಣುವುದಿಲ್ಲ.

ಸ್ಟಿಲ್ಬೈಟ್, ಹ್ಯೂಲಾಂಡೈಟ್, ಅಪೊಫಿಲೈಟ್ ಎಂಬ ಖನಿಜಗಳೆಲ್ಲ ಹೀಗೆ ಹುಟ್ಟಿದವು. ಆದರೆ ಜನ ಮುಗಿಬೀಳುವುದು ಪುಣೆ ಪಕ್ಕದ ವಾಘೋಲಿ ಕ್ವಾರಿಗಳಲ್ಲಿ ಸಿಗುವ ಕ್ಯಾವನ್ಸೈಟ್ ಎಂಬ ನೀಲಿ ಖನಿಜಕ್ಕೆ. ಬಿಳಿ ಸ್ಟಿಲ್ಬೈಟ್ ಮೇಲೆ ಕಡುನೀಲಿ ಉಂಡೆ. ಭೂತಗನ್ನಡಿ ಹಿಡಿದರೆ ಅದು ಸೂಜಿಗಳ ಗೊಂಚಲು ಅಂತ ಗೊತ್ತಾಗುತ್ತದೆ. ಆ ನೀಲಿ ವನೇಡಿಯಂ ಲೋಹದ್ದು. ಜಗತ್ತಿನಲ್ಲಿ ಇದು ಸಿಗುವ ಜಾಗಗಳೇ ಬೆರಳೆಣಿಕೆಯಷ್ಟು. ಪುಣೆಯಷ್ಟು ಚೆಂದದ್ದು ಬೇರೆಲ್ಲೂ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಕೊಳ್ಳುವಾಗ ಉಂಡೆಯ ಬುಡ ನೋಡಿ. ಬಿದ್ದ ಉಂಡೆಯನ್ನು ಬೇರೆ ಕಲ್ಲಿಗೆ ಅಂಟಿಸಿ ಮಾರುವುದೂ ಉಂಟು. ಗೋಂದು ಹೊಳೆಯುತ್ತದೆ. ಸಿಕ್ಕಿದ ಊರು ಬರೆದ ಚೀಟಿಯನ್ನು ಜೊತೆಗೇ ಇಟ್ಟುಕೊಳ್ಳಿ, ಅದಿಲ್ಲದಿದ್ದರೆ ಸಂಗ್ರಾಹಕರಿಗೆ ಕಲ್ಲಿನ ಬೆಲೆ ಅರ್ಧಕ್ಕರ್ಧ ಹೋದಂತೆ. ನೀವೇ ಹುಡುಕಲು ಹೋಗುವುದಾದರೆ ಕ್ವಾರಿಯವರ ಒಪ್ಪಿಗೆ ಪಡೆದೇ ಹೋಗಿ. ಸಿಡಿಮದ್ದು ಇಡುವ ಜಾಗ ಅದು, ಸುಮ್ನೆ ನುಗ್ಗಬೇಡಿ.