ಕ್ಯಾರಿಯೋಟೈಪ್ ನಾರ್ಮಲ್ ಬಂದ ಮೇಲೂ ಮೈಕ್ರೋಅರೇ ಯಾಕೆ?

ಪ್ರಶ್ನೆ: ನಮ್ಮ ಮಗನಿಗೆ ಮೂರೂವರೆ ವರ್ಷ. ನಡೆಯೋಕೆ ಶುರು ಮಾಡಿದ್ದೇ ತಡ, ಮಾತು ಈಗಲೂ ನಾಲ್ಕೈದು ಪದ ಅಷ್ಟೇ. ಕಿವಿ ಸರಿಯಾಗಿದೆ ಎಂದಿದ್ದಾರೆ. ಕ್ಯಾರಿಯೋಟೈಪ್ ಟೆಸ್ಟ್ ನಾರ್ಮಲ್ ಬಂತು. ಈಗ ಡಾಕ್ಟರು ‘ಕ್ರೋಮೋಸೋಮಲ್ ಮೈಕ್ರೋಅರೇ’ ಮಾಡಿಸಿ ಎನ್ನುತ್ತಿದ್ದಾರೆ. ಖರ್ಚು ಜಾಸ್ತಿ. ಒಂದು ಟೆಸ್ಟ್ ನಾರ್ಮಲ್ ಅಂದ ಮೇಲೆ ಇನ್ನೊಂದು ಯಾಕೆ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಡಾಕ್ಟರು ಸರಿಯಾಗಿಯೇ ಹೇಳಿದ್ದಾರಮ್ಮ. ಎರಡೂ ಟೆಸ್ಟ್ ಕ್ರೋಮೋಸೋಮನ್ನೇ, ಅಂದರೆ ಜೀವಕೋಶದೊಳಗೆ ಜೀನುಗಳನ್ನು ಹೊತ್ತ ಡಿಎನ್‌ಎ ಕಟ್ಟುಗಳನ್ನೇ ನೋಡುತ್ತವೆ, ಆದರೆ ನೋಡುವ ರೀತಿ ಬೇರೆ.

ಕ್ಯಾರಿಯೋಟೈಪ್ ಎಂದರೆ ಬೆಟ್ಟದ ಮೇಲೆ ನಿಂತು ಊರು ನೋಡಿದ ಹಾಗೆ. ಒಂದು ಬೀದಿಯೇ ಇಲ್ಲದಿದ್ದರೆ ಕಾಣುತ್ತದೆ, ಒಂದು ಮನೆ ಇಲ್ಲದಿದ್ದರೆ ಕಾಣುವುದಿಲ್ಲ. ಸುಮಾರು 50 ಲಕ್ಷ ಡಿಎನ್‌ಎ ಅಕ್ಷರಗಳಿಗಿಂತ ಚಿಕ್ಕ ತುಂಡು ಹೋಗಿದ್ದರೆ ಅದರ ಕಣ್ಣಿಗೆ ಬೀಳುವುದು ಕಷ್ಟ. ಮೈಕ್ರೋಅರೇ ಮನೆಮನೆ ಗಣತಿ ಇದ್ದ ಹಾಗೆ. ಒಂದು ಗಾಜಿನ ಚೂರಿನ ಮೇಲೆ ಲಕ್ಷಾಂತರ ಪುಟ್ಟ ಚುಕ್ಕೆಗಳು. ಒಂದೊಂದರಲ್ಲೂ ಕ್ರೋಮೋಸೋಮಿನ ಒಂದೊಂದು ಜಾಗಕ್ಕೆ ಹೊಂದುವ ಡಿಎನ್‌ಎ ಎಳೆ ಅಂಟಿಸಿರುತ್ತಾರೆ. ಮಗುವಿನ ರಕ್ತದಿಂದ ತೆಗೆದ ಡಿಎನ್‌ಎಗೆ ಹೊಳೆಯುವ ಬಣ್ಣ ಕಟ್ಟಿ ಅದರ ಮೇಲೆ ಬಿಡುತ್ತಾರೆ. ಜೋಡಿ ಸಿಕ್ಕ ಕಡೆ ಅದು ಅಂಟಿಕೊಳ್ಳುತ್ತದೆ. ಒಂದು ಜಾಗದ ಚುಕ್ಕೆಗಳಲ್ಲಿ ಹೊಳಪು ಕಡಿಮೆಯಾದರೆ ಅಲ್ಲಿನ ತುಂಡು ಹೋಗಿದೆ, ಜಾಸ್ತಿಯಾದರೆ ಒಂದು ತುಂಡು ಹೆಚ್ಚಿಗೆ ಇದೆ ಎಂದು ಅರ್ಥ.

ಒಂದು ಉದಾಹರಣೆ ಹೇಳುತ್ತೇನೆ. 22ನೇ ಕ್ರೋಮೋಸೋಮಿನಲ್ಲಿ ಸಾಮಾನ್ಯವಾಗಿ ಸುಮಾರು 30 ಲಕ್ಷ ಅಕ್ಷರಗಳ ಒಂದು ತುಂಡು ಕೆಲವು ಮಕ್ಕಳಲ್ಲಿ ಇರುವುದಿಲ್ಲ. ಸುಮಾರು 4,000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಮಾತು ತಡವಾಗುವುದು ಅದರ ಒಂದು ಲಕ್ಷಣ ಮಾತ್ರ. ಹೃದಯದಲ್ಲಿ ದೋಷ ಇರಬಹುದು, ಅಂಗುಳಿನಲ್ಲಿ ತೊಂದರೆ ಇರಬಹುದು, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರಬಹುದು. ತುಂಡು ಹೋಗಿದೆ ಎಂದು ಗೊತ್ತಾದರೆ ಡಾಕ್ಟರು ಇವನ್ನೆಲ್ಲ ಮೊದಲೇ ನೋಡಿಕೊಳ್ಳುತ್ತಾರೆ. ಈ ಟೆಸ್ಟಿನ ನಿಜವಾದ ಪ್ರಯೋಜನ ಇದು. ನಿಮ್ಮ ಮಗನ ಹಾಗೆ ಬೆಳವಣಿಗೆ ತಡವಾದ ಮಕ್ಕಳಲ್ಲಿ, ಡೌನ್ ಸಿಂಡ್ರೋಮಿನಂಥ ಎದ್ದು ಕಾಣುವವನ್ನು ಬಿಟ್ಟರೆ, ಕ್ಯಾರಿಯೋಟೈಪ್ ಕಾರಣ ಹಿಡಿಯುವುದು 100ಕ್ಕೆ ಸುಮಾರು 3 ಮಕ್ಕಳಲ್ಲಿ. ಮೈಕ್ರೋಅರೇ ಹಿಡಿಯುವುದು 15ರಿಂದ 20 ಮಕ್ಕಳಲ್ಲಿ. ಅದಕ್ಕೇ 2010ರಲ್ಲಿ ತಜ್ಞರ ಗುಂಪೊಂದು ಇದನ್ನೇ ಮೊದಲ ಟೆಸ್ಟಾಗಿ ಮಾಡಿ ಎಂದು ಹೇಳಿತು.

ಹಾಗಂತ ಗಣತಿಯವರಿಗೂ ಎಲ್ಲ ಗೊತ್ತಾಗುವುದಿಲ್ಲ, ಅಲ್ವಾ? ಮನೆಗಳೆಲ್ಲ ಇದ್ದು, ಒಂದು ಬೀದಿಯದು ಇನ್ನೊಂದಕ್ಕೆ ಸ್ಥಳ ಬದಲಿಸಿದ್ದರೆ ಲೆಕ್ಕ ಸರಿಯಾಗೇ ಬರುತ್ತದೆ. ಅಂಥದ್ದು ಕ್ಯಾರಿಯೋಟೈಪಿನಲ್ಲೇ ಕಾಣುವುದು, ಆದ್ದರಿಂದ ಮೊದಲು ಮಾಡಿಸಿದ್ದು ದಂಡವಾಗಿಲ್ಲ. ಮನೆಯೊಳಗೆ ಒಂದೇ ಒಂದು ಅಕ್ಷರ ತಪ್ಪಿದ್ದರೂ ಮೈಕ್ರೋಅರೇಗೆ ಗೊತ್ತಾಗದು. ಫ್ರಾಜೈಲ್ ಎಕ್ಸ್ ಎಂಬ ಕಾಯಿಲೆಗೆ ಬೇರೆ ಟೆಸ್ಟೇ ಬೇಕು. ಇದೂ ನಾರ್ಮಲ್ ಬಂದರೆ ‘ಜೀನಿನಲ್ಲಿ ಏನೂ ಇಲ್ಲ’ ಎಂದುಕೊಳ್ಳಬೇಡಿ.

ಇನ್ನೊಂದು ಮಾತು. ರಿಪೋರ್ಟಿನಲ್ಲಿ ಒಮ್ಮೊಮ್ಮೆ ‘ಅರ್ಥ ಇನ್ನೂ ಸ್ಪಷ್ಟವಿಲ್ಲದ ಬದಲಾವಣೆ’ ಎಂದು ಬರುತ್ತದೆ. ಆಗ ನಿಮ್ಮಿಬ್ಬರ ರಕ್ತವನ್ನೂ ಕೇಳಬಹುದು. ಆರೋಗ್ಯವಾಗಿರುವ ಅಪ್ಪನಲ್ಲೋ ಅಮ್ಮನಲ್ಲೋ ಅದೇ ಬದಲಾವಣೆ ಇದ್ದರೆ, ಅದು ನಿರಪಾಯವಿರುವ ಸಾಧ್ಯತೆ ಹೆಚ್ಚು. ಯಾರಿಂದ ಬಂತು ಎಂದು ಮನೆಯಲ್ಲಿ ಜಗಳವಾಗುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ. ಇದರಲ್ಲಿ ಯಾರ ತಪ್ಪೂ ಇಲ್ಲ. ರಕ್ತ ಕೊಡುವ ಮೊದಲೇ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ.

ರಿಪೋರ್ಟ್ ಬರಲಿ ಎಂದು ಸುಮ್ನೆ ಕಾಯಬೇಡಿ. ಸ್ಪೀಚ್ ಥೆರಪಿ ಇವತ್ತೇ ಶುರುವಾಗಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ.

ಪ್ರಶ್ನೆ: ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಸಾಲಾಗಿ ಓದುವ ವಿಧಾನ) ಬಂದ ಮೇಲೆ ಮೈಕ್ರೋಅರೇ ಹಳೆಯದಾಯಿತು ಎನ್ನುತ್ತಾರೆ. ಇನ್ನೂ ಯಾಕೆ ಕಲಿಯಬೇಕು?
– ಎಂ.ಎಸ್‌ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಸಂಶೋಧನೆಯಲ್ಲಿ ಆ ಮಾತು ಬಹುಮಟ್ಟಿಗೆ ನಿಜ. ಚಿಪ್ ಮೇಲೆ, ಅಂದರೆ ಮೈಕ್ರೋಅರೇಯ ಗಾಜಿನ ಚೂರಿನ ಮೇಲೆ, ಯಾವ ಎಳೆ ಇಟ್ಟಿದ್ದೀರೋ ಅದರ ಬಗ್ಗೆ ಮಾತ್ರ ಉತ್ತರ ಸಿಗುತ್ತದೆ. ಸೀಕ್ವೆನ್ಸಿಂಗಿಗೆ ಆ ಮಿತಿ ಇಲ್ಲ. ಆದರೆ ಸಾವಿರಾರು ಜನರಲ್ಲಿ ಗೊತ್ತಿರುವ ಲಕ್ಷಾಂತರ ಬದಲಾವಣೆಗಳನ್ನು ಅಗ್ಗವಾಗಿ ನೋಡಲು ಚಿಪ್ ಈಗಲೂ ಒಳ್ಳೆಯ ದಾರಿ.

1995ರಲ್ಲಿ ಸ್ಟ್ಯಾನ್‌ಫೋರ್ಡಿನವರು ಸಾಸಿವೆ ಜಾತಿಯ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ 45 ಜೀನ್‌ಗಳಿಂದ ಚಿಪ್ ಮೇಲೆ ಜೀನ್ ಅಳೆಯುವುದನ್ನು ಶುರು ಮಾಡಿದರು. 1999ರಲ್ಲಿ ವಿಜ್ಞಾನಿ ಗೋಲಬ್ ಅವರ ತಂಡ 38 ರೋಗಿಗಳ ಮೂಳೆಮಜ್ಜೆಯಲ್ಲಿ 6,817 ಜೀನ್ ಅಳೆದು, ಅದರಲ್ಲಿ 50ನ್ನು ಆರಿಸಿ, ಎರಡು ಬಗೆಯ ರಕ್ತ ಕ್ಯಾನ್ಸರನ್ನು ಬೇರೆ ಮಾಡಿ ತೋರಿಸಿತು. ನನಗೆ ತುಂಬಾ ಇಷ್ಟವಾದದ್ದು 2003ರ ಸಾರ್ಸ್ ಎಂಬ ಉಸಿರಾಟದ ಸೋಂಕಿನ ಕತೆ. ವಿಜ್ಞಾನಿ ಡಿರಿಸಿ ಅವರ ತಂಡದ ಚಿಪ್ ಮೇಲೆ ಆಗ ಗೊತ್ತಿದ್ದ ವೈರಸ್‌ಗಳ ಎಳೆಗಳಿದ್ದವು. ಗುರುತಿಲ್ಲದ ಹೊಸ ವೈರಸ್ಸಿನ ಮಾದರಿ ಬಿಟ್ಟಾಗ ಕೊರೊನಾ ಬಳಗದ ಚುಕ್ಕೆಗಳೂ ಹೊಳೆದವು. ಅವರು ಆ ಚುಕ್ಕೆಗೆ ಅಂಟಿದ್ದ ಡಿಎನ್‌ಎಯನ್ನು ಸೂಜಿಯಿಂದ ಕೆರೆದು ತೆಗೆದು, ಅದನ್ನೇ ಸೀಕ್ವೆನ್ಸ್ ಮಾಡಿ ಓದಿದರು.