ಸಂಪಾದಕರ ಉತ್ತರ: ಗೋಡೆಗೆ ಸೆನ್ಸರ್ ಇರಲಿ, ಮಕ್ಕಳ ಕೈಗೆ ಬೇಡ

ಪ್ರಿಯ ಟೀಚರ್,

ಕಾಪು ಬಳಿಯ ನಿಮ್ಮ ಪ್ರೌಢಶಾಲೆಯಿಂದ ಬರೆದ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಓದುಗರಿಗಾಗಿ ಸಾರ ಹೇಳಿಬಿಡುತ್ತೇನೆ. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು ಶಾಲೆಗೆ ಏನಾದರೂ ಕೊಡುತ್ತೇನೆ ಎಂದಿದ್ದಾರೆ. ಗಾಳಿ, ಸೆಕೆ, ಸದ್ದು, ಬೆಳಕು ಅಳೆಯುವ ಸೆನ್ಸರ್‌ಗಳನ್ನು ತರಗತಿಗೆ ಹಾಕಿಸಿ, ಕಲಿಕೆಗೂ ಅದಕ್ಕೂ ಏನು ಸಂಬಂಧ ಎಂದು ನೋಡುವ ಆಸೆ ನಿಮ್ಮದು. ಅಷ್ಟರಲ್ಲಿ ಒಂದು ಕಂಪನಿಯವರು ಬಂದು, ಮಕ್ಕಳ ಕೈಗೊಂದು ಪಟ್ಟಿ ಕಟ್ಟಿ, ಕರಿಹಲಗೆಯ ಮೇಲೊಂದು ಕ್ಯಾಮರಾ ಇಟ್ಟರೆ ಯಾರ ಗಮನ ಎಲ್ಲಿದೆ ಎಂದು ಮೊಬೈಲಿಗೇ ಬರುತ್ತದೆ ಎಂದು ಆಸೆ ಹುಟ್ಟಿಸಿ ಹೋಗಿದ್ದಾರೆ. ಶಾಲಾಭಿವೃದ್ಧಿ ಸಮಿತಿ ಎಸ್‌ಡಿಎಂಸಿಯಲ್ಲಿ ಈಗ ಎರಡು ಪಂಗಡ. ‘ಇದರಿಂದ ಎಸ್ಸೆಸ್ಸೆಲ್ಸಿ ಫಲಿತಾಂಶ ಏರುತ್ತದೆಯೇ, ಒಂದೇ ಮಾತಲ್ಲಿ ಹೇಳಿ’ ಎಂದು ಕೇಳಿದ್ದೀರಿ.

ಇಲ್ಲ. ನಮ್ಮ ಎರಡು ಜಿಲ್ಲೆಗಳಿಗೂ ಮೊದಲ ಸ್ಥಾನದ ಗೀಳು ಇದ್ದದ್ದೇ. 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದು ತಿರುವುಮುರುವಾಯಿತು. ಆದರೆ ಒಂದು ಶಾಲೆಯ ಒಂದು ವರ್ಷದ ಫಲಿತಾಂಶ ಏರಿಳಿಯುವುದು ಆ ವರ್ಷದ ಮಕ್ಕಳಿಂದ, ಪ್ರಶ್ನೆಪತ್ರಿಕೆಯಿಂದ, ಗಣಿತದ ಮೇಷ್ಟ್ರಿಗೆ ನಡುವೆ ವರ್ಗವಾಯಿತೇ ಎಂಬುದರಿಂದ. ಕಿಟಕಿ ತೆರೆದಿಟ್ಟದ್ದರ ಪಾಲು ಅದರಲ್ಲಿ ಎಷ್ಟು ಎಂದು ಯಾವ ಸೆನ್ಸರೂ ಬಿಡಿಸಿ ಹೇಳಲಾರದು.

ಹಾಗೆಂದು ಕೈಬಿಡಬೇಡಿ. ಒಂಬತ್ತನೆಯವರಿಗೇ ಕೊಡಬಹುದಾದ ಒಂದು ಲೆಕ್ಕ ನೋಡಿ. 8 ಮೀಟರ್ ಉದ್ದ, 6 ಮೀಟರ್ ಅಗಲ, 3.5 ಮೀಟರ್ ಎತ್ತರದ ಕೋಣೆ. ಒಳಗೆ 168 ಘನ ಮೀಟರ್ ಗಾಳಿ, 40 ಮಕ್ಕಳು. ಸುಮ್ಮನೆ ಕುಳಿತ ಮಗು ಗಂಟೆಗೆ 15 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತದೆ ಎಂದಿಟ್ಟುಕೊಂಡರೆ ಒಟ್ಟು 600 ಲೀಟರ್. ಬಾಗಿಲು ಕಿಟಕಿ ಪೂರ್ತಿ ಮುಚ್ಚಿದ್ದರೆ ಗಂಟೆಗೆ ಸುಮಾರು 3,500 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 3,500 ಪಾಲು, ಏರುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು 420ರ ಆಸುಪಾಸು. ಹಾಜರಿ ಕರೆದು ನಿನ್ನೆಯ ಪಾಠ ಕೇಳಿ ಮುಗಿಸುವ ಹತ್ತು ನಿಮಿಷದಲ್ಲಿ 1,000 ಮುಟ್ಟಿತು. ಅದೇ ಕೋಣೆಯ ಗಾಳಿ ಗಂಟೆಗೆ ಐದು ಸಲ ಬದಲಾಗುವಂತಿದ್ದರೆ ಎಷ್ಟು ಹೊತ್ತಾದರೂ 1,150 ದಾಟುವುದಿಲ್ಲ.

ಸಾವಿರ ದಾಟಿದರೆ ಗಾಳಿ ಹಳಸಿತು ಎಂಬ ಗಡಿಯನ್ನು ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ 1858ರಷ್ಟು ಹಿಂದೆಯೇ ಹಾಕಿಕೊಟ್ಟರು. 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದವರು 22 ಜನರನ್ನು 600, 1,000 ಮತ್ತು 2,500 ಪಿಪಿಎಂ ಇರುವ ಕೋಣೆಯಲ್ಲಿ ಕೂರಿಸಿ ನೋಡಿದಾಗ, ಸಾವಿರಕ್ಕೇ ನಿರ್ಧಾರ ಮಾಡುವ ಶಕ್ತಿ ತಗ್ಗಿತು; 2,500ರಲ್ಲಿ ತೀರಾ ಕುಸಿಯಿತು. ಮುಂದಿನ ಎಲ್ಲ ಪ್ರಯೋಗಗಳಲ್ಲೂ ಅದು ಅಷ್ಟು ಸ್ಪಷ್ಟವಾಗಿ ಕಾಣಿಸಿಲ್ಲ. ಆದ್ದರಿಂದ ಈ ಅನಿಲವೇ ವಿಷ ಎಂದು ಮಕ್ಕಳಿಗೆ ಹೇಳಬೇಡಿ. ಎಷ್ಟು ಜನರ ಉಸಿರು ಕೋಣೆಯಲ್ಲೇ ಸುತ್ತುತ್ತಿದೆ ಎಂಬುದಕ್ಕೆ ಅದೊಂದು ಗುರುತು ಅಷ್ಟೆ.

ನಿಮ್ಮಲ್ಲಿ ಹಂಚಿನ ಮಾಡಿನ ಹಳೆ ಕಟ್ಟಡವೂ ಇದೆ, ಸ್ಲ್ಯಾಬಿನ ಹೊಸದೂ ಇದೆ ಎಂದು ಬರೆದಿದ್ದೀರಿ. ಎರಡರಲ್ಲೂ ಒಂದೊಂದು ಸೆನ್ಸರ್ ಇಡಿ. ಹಂಚುಗಳ ಸಂದಿಯಿಂದ ಗಾಳಿ ತಾನಾಗಿ ಓಡಾಡುತ್ತದೆ. ಸ್ಲ್ಯಾಬಿನ ಕೋಣೆಯಲ್ಲಿ ಎರಚಲು ಹೊಡೆಯುತ್ತದೆಂದು ಕಿಟಕಿ ಹಾಕಿದರೆ ಮುಗಿಯಿತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಇದಕ್ಕಾಗಿಯಂತೂ ಅಲ್ಲ, ಆದರೂ ಊರಿನ ಹಳೆ ಶಾಲೆಗಳಿಗೆ ಆದ ಉಪಕಾರ ದೊಡ್ಡದು.

ಕೊಳ್ಳುವಾಗ ಎಚ್ಚರ. ‘ಎನ್‌ಡಿಐಆರ್’ ಎಂದು ಬರೆದಿರುವುದನ್ನೇ ಕೇಳಿ. ಅದು ಅತಿಗೆಂಪು ಬೆಳಕು ಹಾಯಿಸಿ ಇಂಗಾಲದ ಡೈಆಕ್ಸೈಡನ್ನೇ ಅಳೆಯುತ್ತದೆ. ತೀರಾ ಅಗ್ಗದ ಕೆಲವು ಸೆನ್ಸರ್‌ಗಳು ಬೇರೆ ಆವಿಗಳನ್ನು ಮೂಸಿ ಅಂದಾಜು ಹಾಕುತ್ತವೆ. ಬಿಸಿಯೂಟದ ಒಗ್ಗರಣೆಗೂ ಫಿನಾಯಿಲ್ ಹಾಕಿ ನೆಲ ಒರೆಸಿದ್ದಕ್ಕೂ ಅವುಗಳ ಅಂಕಿ ಜಿಗಿಯುತ್ತದೆ. ಧೂಳು ಅಳೆಯುವ ಸೆನ್ಸರ್ ನಮ್ಮ ಮಳೆಗಾಲಕ್ಕೆ ಹೇಳಿಸಿದ್ದಲ್ಲ. ತೇವ ಶೇ. 90ರ ಹತ್ತಿರವಿದ್ದಾಗ ಕಣಗಳು ನೀರು ಕುಡಿದು ಉಬ್ಬುತ್ತವೆ, ಅದು ಉಬ್ಬಿದ್ದನ್ನೇ ಅಳೆಯುತ್ತದೆ. ಆಟಿ ತಿಂಗಳಲ್ಲಿ ಕಾಪುವಿನ ಗಾಳಿ ದಿಲ್ಲಿಯದರಂತೆ ಕಂಡರೆ ಹೆದರಿ ಪತ್ರಿಕಾಗೋಷ್ಠಿ ಕರೆಯಬೇಡಿ.

ನನ್ನನ್ನು ಕೇಳಿದರೆ ಕರಾವಳಿಯಲ್ಲಿ ಮೊದಲು ಅಳೆಯಬೇಕಾದ್ದು ಸದ್ದು. ಪಾಠ ನಡೆಯುವಾಗ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಕಲಿಸುವವರ ಧ್ವನಿ ಆ ಸದ್ದಿಗಿಂತ 15 ಡೆಸಿಬೆಲ್ ಮೇಲಿದ್ದರೆ ಮಾತ್ರ ಹಿಂದಿನ ಬೆಂಚಿಗೆ ಪದ ಪದವೂ ಬಿಡಿಯಾಗಿ ಕೇಳುತ್ತದೆ. ಈಗ ಜುಲೈಯ ಒಂದು ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ನಿಂತು ನೋಡಿ. ಮಳೆ ಜೋರಾದಂತೆ ಟೀಚರ್ ಸ್ವರ ಏರಿಸುತ್ತಾರೆ, ಇನ್ನೂ ಏರಿಸುತ್ತಾರೆ, ಆಮೇಲೆ ಮಾತು ಬಿಟ್ಟು ಬೋರ್ಡಿನ ಕಡೆ ತಿರುಗಿ ಬರೆಯತೊಡಗುತ್ತಾರೆ. ಮಕ್ಕಳು ನಕಲು ಮಾಡುತ್ತಾರೆ. ಪಾಠ ನಡೆಯಿತೆಂದು ದಿನಚರಿಯಲ್ಲಿ ದಾಖಲಾಗುತ್ತದೆ. ಇದಕ್ಕೆ ಮೊಬೈಲಿನ ಉಚಿತ ಆ್ಯಪ್ ಕೂಡ ಸಾಕು. ಅಂಕಿ ಒಂದಿಷ್ಟು ಹೆಚ್ಚುಕಡಿಮೆ ಆದರೂ ಈ ಕೋಣೆಗೂ ಆ ಕೋಣೆಗೂ ಇರುವ ಅಂತರ ತಿಳಿಯುತ್ತದೆ.

ಈ ಬಗ್ಗೆ ನನಗೆ ಇಷ್ಟವಾದ ಅಧ್ಯಯನ 1975ರದ್ದು. ನ್ಯೂಯಾರ್ಕಿನ ಒಂದು ಶಾಲೆಯ ಒಂದು ಬದಿಗೆ ಮೇಲ್ಸೇತುವೆಯ ರೈಲು. ಇನ್ನೊಂದು ಬದಿ ಶಾಂತ. ಆರ್ಲಿನ್ ಬ್ರಾನ್ಜಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆ ಎರಡೂ ಬದಿಯ ಮಕ್ಕಳ ಓದಿನ ಅಂಕ ಹೋಲಿಸಿದರು. ರೈಲಿನ ಕಡೆಯವರು ಆರನೇ ತರಗತಿಯ ಹೊತ್ತಿಗೆ ಒಂದು ವರ್ಷದಷ್ಟು ಹಿಂದಿದ್ದರು. ಹಳಿಗೆ ರಬ್ಬರ್ ಹಾಸು, ಕೋಣೆಗೆ ಸದ್ದು ಹೀರುವ ಛಾವಣಿ ಹಾಕಿದ ಮೇಲೆ 1981ರಲ್ಲಿ ಮತ್ತೆ ನೋಡಿದರೆ ಅಂತರ ಉಳಿದಿರಲಿಲ್ಲ. ಅದೇ ಶಾಲೆ, ಎರಡು ಬದಿ, ಮೊದಲು ಮತ್ತು ಆಮೇಲೆ: ಹೋಲಿಕೆ ಗಟ್ಟಿಯಾಗಿದ್ದರಿಂದಲೇ ಆ ಮಾತಿಗೆ ತೂಕ ಬಂತು.

ನಿಮ್ಮಲ್ಲೂ ಎ ವಿಭಾಗ ಹೆದ್ದಾರಿ 66ರ ಕಡೆಗೆ, ಬಿ ವಿಭಾಗ ತೆಂಗಿನ ತೋಟದ ಕಡೆಗೆ. ಆದರೆ ಎ ಇಂಗ್ಲಿಷ್ ಮಾಧ್ಯಮ, ಬಿ ಕನ್ನಡ ಮಾಧ್ಯಮ ಎಂದೂ ಬರೆದಿದ್ದೀರಿ. ಹಾಗಿದ್ದ ಮೇಲೆ ಎ ಮತ್ತು ಬಿ ಹೋಲಿಸಿದರೆ ಸಿಗುವುದು ಲಾರಿಯ ಸದ್ದಿನ ಪರಿಣಾಮವೋ ಮಾಧ್ಯಮದ್ದೋ ಮನೆಯದ್ದೋ ಗೊತ್ತಾಗದು. ವಾರಕ್ಕೊಮ್ಮೆ ಎರಡೂ ವಿಭಾಗದ ಕೋಣೆ ಅದಲುಬದಲು ಮಾಡಿ. ಆಗ ಎ ಮಕ್ಕಳನ್ನು ಎ ಮಕ್ಕಳಿಗೇ ಹೋಲಿಸಿದಂತಾಯಿತು. ದಿನವೂ ಅದೇ ಪೀರಿಯಡ್‌ನಲ್ಲಿ ಹತ್ತು ನಿಮಿಷದ ಉಕ್ತಲೇಖನವೋ ಬಾಯಿಲೆಕ್ಕವೋ ಕೊಡಿ. ತಿದ್ದುವವರಿಗೆ ಅದು ಯಾವ ಕೋಣೆಯ ಕಾಗದ ಎಂದು ತಿಳಿಯಬಾರದು. ಶುರುವಿನ ಒಂದೆರಡು ವಾರದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊಸ ಯಂತ್ರ ಬಂದ ಖುಷಿಯಲ್ಲಿ ಎಲ್ಲರೂ ಜಾಣರಾಗಿರುತ್ತಾರೆ.

ಇನ್ನು ಕೈಪಟ್ಟಿ, ಕ್ಯಾಮರಾ. ಬೇಡ. ಚೀನಾದ ಜಿನ್‌ಹುವಾದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ತಲೆಗೆ ಗಮನ ಅಳೆಯುವ ಪಟ್ಟಿ ಕಟ್ಟಿದ್ದರು. ಜನ ರೊಚ್ಚಿಗೆದ್ದು 2019ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಅವರ ವರ್ತನೆಯ ಜಾಡು ಹಿಡಿಯುವುದಕ್ಕೆ ತಡೆಯಿದೆ. ಶಾಲೆಗಳಿಗೆ ವಿನಾಯಿತಿ ಇದೆ ಎಂದು ಕಂಪನಿಯವರು ವಾದಿಸಬಹುದು. ವಿನಾಯಿತಿ ಇದ್ದರೂ ನನ್ನ ಅಭಿಪ್ರಾಯ ಬದಲಾಗದು. ಕಿಟಕಿಯಾಚೆ ನೋಡುತ್ತಿರುವ ಹುಡುಗಿ ನೀವು ಬೋರ್ಡಿನಲ್ಲಿ ಕೊಟ್ಟ ಲೆಕ್ಕವನ್ನೇ ಮನಸ್ಸಿನಲ್ಲಿ ಬಿಡಿಸುತ್ತಿರಬಹುದು, ಕ್ಯಾಮರಾಕ್ಕೆ ಕಾಣುವುದು ಕತ್ತು ತಿರುಗಿದ್ದು ಮಾತ್ರ. ಗೋಡೆಯ ಸೆನ್ಸರ್ ಕೋಣೆಯ ತಪ್ಪು ಹೇಳುತ್ತದೆ. ಕೈಪಟ್ಟಿ ತಪ್ಪನ್ನು ಮಗುವಿನ ಮೇಲೆ ಹೊರಿಸುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ನನ್ನ ಹೆಸರಿನಲ್ಲೇ ಓದಿ ಹೇಳಬಹುದು.

ಹಳೆ ವಿದ್ಯಾರ್ಥಿಗೆ ಹೀಗೆ ಬರೆಯಿರಿ: ಕೊಡುವ ಹಣದಲ್ಲಿ ಸಣ್ಣ ಪಾಲು ಸೆನ್ಸರ್‌ಗೆ, ಮಿಕ್ಕಿದ್ದು ಶೀಟಿನ ಕೆಳಗೆ ಸದ್ದು ತಡೆಯುವ ಛಾವಣಿಗೆ ಮತ್ತು ಎರಚಲು ಬಂದರೂ ತೆರೆದಿಡಬಹುದಾದ ಕಿಟಕಿಗಳಿಗೆ. ಹತ್ತಿರದ ಯಾವುದಾದರೂ ಶಾಲೆಯಲ್ಲಿ ಮಕ್ಕಳೇ ಯಂತ್ರ ಜೋಡಿಸಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಸೆನ್ಸರ್ ಜೋಡಿಸುವುದನ್ನು ಅಲ್ಲಿನ ಮಕ್ಕಳಿಗೇ ಬಿಡಿ. ಛಾವಣಿ ಹಾಕಿಸುವ ಮೊದಲೇ ಒಂದು ತಿಂಗಳ ಅಂಕಿ ಬರೆದಿಟ್ಟುಕೊಳ್ಳಲು ಮಾತ್ರ ಮರೆಯಬೇಡಿ. ಆ ಪುಸ್ತಕದ ನಕಲು ಕಳುಹಿಸಿದರೆ ದೀಪಾವಳಿಯ ಸಂಚಿಕೆಯಲ್ಲಿ ಎರಡು ಪುಟ ನಿಮ್ಮ ಮಕ್ಕಳಿಗೇ ಕೊಡುತ್ತೇವೆ.

— ಸಂ.